ವರ್ಧಂತಿ ಮತ್ತು ಆರಾಧನೆ

ಕೊಪ್ಪ ತಾಲೂಕಿನ ಬಸರೀಕಟ್ಟೆಯಿಂದ ಶೃಂಗೇರಿಯವರೆಗಿನ ಅಡಕೆ, ಕಾಫಿಯ ಸೀಮೆಯಲ್ಲಿ ದೇವರ ಪ್ರತಿಷ್ಠೆಯ ತಿಥಿ ಪ್ರತಿವರ್ಷ ಬಂದಾಗ ನಡೆಯುವ ಉತ್ಸವಕ್ಕೆ ‘ವರ್ಧಂತಿ’ ಎಂದೇ ಹೆಸರು. ಬಾಳೆಎಲೆಯಲ್ಲಿ ಅಕ್ಕಿ ಹರಡಿ, ನೂಲು ಸುತ್ತಿದ ಕಲಶವಿಟ್ಟು, ಮಾವಿನೆಲೆಯ ಮೇಲೆ ತೆಂಗಿನಕಾಯಿ ಇರಿಸಿ ಪೂಜಿಸುತ್ತಾರೆ. ಹೋಮ ಮುಗಿದ ಮೇಲೆ ಕಲಶದ ನೀರಿನಿಂದಲೇ ದೇವರಿಗೆ ಅಭಿಷೇಕ. ‘ವೃಧ್’ ಎಂಬ ಸಂಸ್ಕೃತ ಧಾತುವಿಗೆ ಬೆಳೆಯುವುದು, ಹೆಚ್ಚುವುದು ಎಂದರ್ಥ. ವೃದ್ಧಿ, ವರ್ಧನ, ವೃದ್ಧ ಎಲ್ಲವೂ ಅದೇ ಬುಡದ ಚಿಗುರುಗಳು. ಕಳೆದ ವರ್ಷವನ್ನು ಸವೆದ ಆಯಸ್ಸೆಂದು ಎಣಿಸದೆ, ಕೂಡಿದ ಸಾನ್ನಿಧ್ಯವೆಂದು ಎಣಿಸಿದವರ ಪದವಿದು.

ಮೈಸೂರು ಅರಮನೆಯೂ ಈ ಪದವನ್ನು ಗೌರವದಿಂದ ಬಳಸಿತು. 1884ರ ಜೂನ್ 4ರಂದು ಹುಟ್ಟಿದ ನಾಲ್ವಡಿ ಕೃಷ್ಣರಾಜ ಒಡೆಯರ ಜನ್ಮದಿನ ಸಂಸ್ಥಾನಕ್ಕೆಲ್ಲ ವರ್ಧಂತಿಯಾಗಿತ್ತು. ಚಾಮುಂಡಿಬೆಟ್ಟದಲ್ಲಿ ಇಂದಿಗೂ ಆಷಾಢ ಮಾಸದಲ್ಲಿ ದೇವಿಯ ವರ್ಧಂತಿ ನಡೆಯುತ್ತದೆ.

ಶೃಂಗೇರಿಯಲ್ಲಿ ಪೀಠದಲ್ಲಿರುವ ಜಗದ್ಗುರುಗಳ ಜನ್ಮತಿಥಿ ವರ್ಧಂತಿ. ದೇಹ ಬಿಟ್ಟವರ ತಿಥಿ ‘ಆರಾಧನೆ’. ಈ ಭೇದಕ್ಕೆ ಕಾರಣವಿದೆ. ಸಂನ್ಯಾಸ ಸ್ವೀಕರಿಸುವವರು ಮೊದಲೇ ತಮ್ಮ ಶ್ರಾದ್ಧವನ್ನು ತಾವೇ ಮಾಡಿಕೊಳ್ಳುತ್ತಾರೆ. ಯತಿಗಳ ದೇಹಕ್ಕೆ ದಹನವಿಲ್ಲ, ಸಮಾಧಿ. ಪಿತೃಗಳೆಂದು ಪಿಂಡವಿಡುವ ಬದಲು ದೈವವೆಂದು ಪೂಜಿಸುವುದರಿಂದ ಅದು ಆರಾಧನೆ.

1910ರಲ್ಲಿ ಕಾಲಡಿಯಲ್ಲಿ ಶಂಕರರ ಮತ್ತು ಶಾರದೆಯ ದೇವಾಲಯಗಳನ್ನು ಪ್ರತಿಷ್ಠಾಪಿಸಿದ ಶೃಂಗೇರಿಯ ಜಗದ್ಗುರು ಸಚ್ಚಿದಾನಂದ ಶಿವಾಭಿನವ ನೃಸಿಂಹಭಾರತೀ ಸ್ವಾಮಿಗಳು 1912ರಲ್ಲಿ ಬ್ರಹ್ಮೀಭೂತರಾದರು. ಅವರ ಶಿಷ್ಯರಾದ ಚಂದ್ರಶೇಖರಭಾರತೀ ಸ್ವಾಮಿಗಳು 1954ರ ಸೆಪ್ಟೆಂಬರ್ 26ರಂದು, ಮಹಾಲಯ ಅಮಾವಾಸ್ಯೆಯ ದಿನ, ತುಂಗೆಯಲ್ಲಿ ದೇಹ ತ್ಯಜಿಸಿದರು. ಇಬ್ಬರ ಸಮಾಧಿಯ ಅಧಿಷ್ಠಾನಗಳೂ ಹೊಳೆಯಾಚೆಯ ನರಸಿಂಹವನದಲ್ಲಿವೆ. ತಾರೀಖು ಬದಲಾದರೂ ತಿಥಿ ತಪ್ಪುವುದಿಲ್ಲ. ಆರಾಧನೆ ಚಾಂದ್ರಮಾನದಂತೆಯೇ ಬರುತ್ತದೆ.

ಈಗ ಆಮಂತ್ರಣ ಪತ್ರಿಕೆಗಳಲ್ಲಿ ಎಲ್ಲಕ್ಕೂ ‘ವಾರ್ಷಿಕೋತ್ಸವ’ ಎಂದು ಅಚ್ಚಾಗುವುದುಂಟು. ಶಾಲೆಗೆ, ಸಂಘಕ್ಕೆ ಆ ಪದ ಒಪ್ಪುತ್ತದೆ. ದೇವರಿಗೆ ವರ್ಧಂತಿಯನ್ನೂ ಯತಿಗಳಿಗೆ ಆರಾಧನೆಯನ್ನೂ ಉಳಿಸಿಕೊಳ್ಳೋಣ. ಹಿರಿಯರು ಅಷ್ಟು ವಿವೇಕದಿಂದ ಬೇರೆಬೇರೆ ಇಟ್ಟ ಪದಗಳನ್ನು ಒಂದೇ ಮಾಡಿ ಕಳೆದುಕೊಳ್ಳುವುದು ನಮಗೆ ತರವಲ್ಲ.