ಶಾಲಾ ಬಸ್ಸಿನ ಸೇವಾವಧಿ (ಅಮೆರಿಕ)

ಅಮೆರಿಕದ ಹಳದಿ ಶಾಲಾ ಬಸ್ಸು ಎಷ್ಟು ವರ್ಷ ಓಡಬಹುದೆಂದು ಇಡೀ ದೇಶಕ್ಕೆ ಒಂದೇ ಕಾನೂನಿಲ್ಲ. ತಯಾರಿಕೆಯ ಮಾನದಂಡ ಕೇಂದ್ರದ್ದು, ನಿವೃತ್ತಿ ರಾಜ್ಯಗಳಿಗೆ ಬಿಟ್ಟದ್ದು. ದಕ್ಷಿಣ ಕೆರೊಲಿನಾ 2007ರಲ್ಲಿ 15 ವರ್ಷಕ್ಕೊಮ್ಮೆ ಬಸ್ಸುಗಳನ್ನು ಬದಲಿಸುವ ಚಕ್ರವನ್ನು ಕಾಯ್ದೆಯಲ್ಲೇ ಸೇರಿಸಿತು.

ವಯಸ್ಸಿಗಿಂತ ಹುಟ್ಟಿದ ದಿನವೇ ಮುಖ್ಯವಾದದ್ದೂ ಉಂಟು. 1977ರ ಏಪ್ರಿಲ್ 1ರಿಂದ ತಯಾರಾದ ಶಾಲಾ ಬಸ್ಸುಗಳಿಗೆ ಚಾವಣಿ, ಸೀಟು, ಇಂಧನ ಟ್ಯಾಂಕುಗಳ ಬಿಗಿ ನಿಯಮಗಳು ಅನ್ವಯವಾದವು. ಅದಕ್ಕೆ ಕೆಲವೇ ದಿನ ಮೊದಲು ಚಾಸಿ ಸಿದ್ಧವಾಗಿದ್ದ ಬಸ್ಸೊಂದು ಆ ನಿಯಮಗಳಿಂದ ತಪ್ಪಿಸಿಕೊಂಡಿತ್ತು. ಶಾಲೆ ಕೈಬಿಟ್ಟ ಮೇಲೂ ಅದು ಗುಜರಿಗೆ ಹೋಗಲಿಲ್ಲ, ಚರ್ಚೊಂದರ ಪಾಲಾಯಿತು. 1988ರ ಮೇ 14ರಂದು ಕೆಂಟಕಿಯ ಕ್ಯಾರಲ್ಟನ್ ಬಳಿ ಕುಡುಕನೊಬ್ಬನ ಪಿಕಪ್ ಆ ಬಸ್ಸಿಗೆ ಎದುರಿನಿಂದ ಗುದ್ದಿತು. ಟ್ಯಾಂಕು ಒಡೆದು ಬೆಂಕಿ ಹತ್ತಿತು. 27 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು.

1977ರ ನಿಯಮಗಳಿಗೂ ಹಿಂದಿನ ಬಸ್ಸುಗಳನ್ನು ರಸ್ತೆಯಿಂದ ತೆಗೆಯಬೇಕೆಂಬ ಒತ್ತಾಯ ಬಲವಾದದ್ದು ಆಮೇಲೆ.