ರಕ್ತದ ನಂಜು: ಫಾಸ್ಫೊರಿಲ್‌ಕೋಲಿನ್ ಮತ್ತು ರೋಗನಿರೋಧಕ ವ್ಯವಸ್ಥೆ

(ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಸೋಂಕಿಗೆ ದೇಹವು ತೋರುವ ಪ್ರತಿಕ್ರಿಯೆಯು ಹತೋಟಿ ಮೀರಿ ಅಂಗಾಂಗಗಳಿಗೆ ಹಾನಿಯಾಗುವ ಸ್ಥಿತಿಯನ್ನು ಸೆಪ್ಸಿಸ್ ಎನ್ನಲಾಗುತ್ತದೆ. ಬ್ಯಾಕ್ಟೀರಿಯಾಗಳು ರಕ್ತವನ್ನು ಸೇರಿದಾಗ ಈ ಅಪಾಯವು ಹೆಚ್ಚು. 2017ರಲ್ಲಿ ವಿಶ್ವದಾದ್ಯಂತ ಸುಮಾರು 4.89 ಕೋಟಿ ಸೆಪ್ಸಿಸ್ ಪ್ರಕರಣಗಳು ಹಾಗೂ 1.1 ಕೋಟಿ ಸಂಬಂಧಿತ ಮರಣಗಳು ಸಂಭವಿಸಿದವೆಂದು ಅಂದಾಜಿಸಲಾಗಿದೆ. ನ್ಯುಮೋನಿಯಾ, ಮೂತ್ರನಾಳದ ಸೋಂಕು, ಗಾಯದ ಸೋಂಕು ಹಾಗೂ ಹೆರಿಗೆಯ ನಂತರದ ಸೋಂಕು ಇದರ ಸಾಮಾನ್ಯ ಮೂಲಗಳಾಗಿವೆ.

ಸಂಶೋಧನೆಯ ಹಿನ್ನೆಲೆ

1930ರಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ವಿಶೇಷ ವಸ್ತುವನ್ನು ಗುರುತಿಸಿದರು. ಅದು ನ್ಯೂಮೊಕಾಕಸ್ ಬ್ಯಾಕ್ಟೀರಿಯಾದ ಸಿ-ಪಾಲಿಸ್ಯಾಕರೈಡ್‌ಗೆ ಅಂಟಿಕೊಳ್ಳುತ್ತಿತ್ತು. ಇದೇ ಇಂದಿನ ಸಿ.ಆರ್.ಪಿ. ಪ್ರೋಟೀನು. ಇದು ಅಂಟಿಕೊಳ್ಳುವುದು ಬ್ಯಾಕ್ಟೀರಿಯಾದ ಹೊರಭಾಗದಲ್ಲಿರುವ ಫಾಸ್ಫೊರಿಲ್‌ಕೋಲಿನ್ ಎಂಬ ಸಣ್ಣ ಅಣುವಿಗೆ ಎಂಬುದು ಮುಂದಿನ ಸಂಶೋಧನೆಗಳಿಂದ ತಿಳಿದುಬಂದಿತು.

ಕಾರ್ಯವಿಧಾನ

1. ಸೋಂಕು ತಗುಲಿದಾಗ ಯಕೃತ್ತು ಸಿ.ಆರ್.ಪಿ.ಯನ್ನು ಹೆಚ್ಚಾಗಿ ಉತ್ಪಾದಿಸುತ್ತದೆ. ಅದು ಕ್ಯಾಲ್ಸಿಯಂ ನೆರವಿನಿಂದ ಫಾಸ್ಫೊರಿಲ್‌ಕೋಲಿನ್‌ಗೆ ಅಂಟಿ, ರಕ್ತದ ಕಾಂಪ್ಲಿಮೆಂಟ್ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ. ಆಗ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ಸುಲಭವಾಗಿ ನುಂಗುತ್ತವೆ.
2. ಫಾಸ್ಫೊರಿಲ್‌ಕೋಲಿನ್ ವಿರುದ್ಧದ ಪ್ರತಿಕಾಯಗಳು ನ್ಯೂಮೊಕಾಕಸ್ ಸೋಂಕಿನಿಂದ ಇಲಿಗಳನ್ನು ರಕ್ಷಿಸಿರುವುದು ಪ್ರಯೋಗಗಳಲ್ಲಿ ಕಂಡುಬಂದಿದೆ.
3. ಎಲ್ಲ ಬ್ಯಾಕ್ಟೀರಿಯಾಗಳಲ್ಲಿ ಈ ಅಣು ಇರುವುದಿಲ್ಲ. ಆದಕಾರಣ ಈ ರಕ್ಷಣೆಯು ಪರಿಪೂರ್ಣವಲ್ಲ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

ಸಿ.ಆರ್.ಪಿ. ಪ್ರಮಾಣವು ಸೋಂಕು ಆರಂಭವಾದ ಕೆಲವು ಗಂಟೆಗಳ ನಂತರವೇ ಏರುತ್ತದೆ. ಸೋಂಕಿಲ್ಲದ ಉರಿಯೂತದಲ್ಲಿಯೂ ಏರಬಹುದು. ಆದ್ದರಿಂದ ಈ ಒಂದೇ ವರದಿಯನ್ನು ಆಧರಿಸಿ ಅಂಗಡಿಯಿಂದ ಆ್ಯಂಟಿಬಯೋಟಿಕ್ ಖರೀದಿಸುವುದಾಗಲಿ, ಚಿಕಿತ್ಸೆಯನ್ನು ಮುಂದೂಡುವುದಾಗಲಿ ಸಲ್ಲದು. ರೋಗಕಾರಕವನ್ನು ಪತ್ತೆ ಹಚ್ಚಲು ರಕ್ತದ ಕಲ್ಚರ್ ಪರೀಕ್ಷೆ ಅಗತ್ಯ. ಸಾಧ್ಯವಾದಷ್ಟು ಮಟ್ಟಿಗೆ ಮಾದರಿಯನ್ನು ಆ್ಯಂಟಿಬಯೋಟಿಕ್ ನೀಡುವ ಮೊದಲೇ ಪಡೆಯಲಾಗುತ್ತದೆ. ಆದರೆ ಪರೀಕ್ಷೆಗಾಗಿ ತುರ್ತು ಚಿಕಿತ್ಸೆಯನ್ನು ತಡೆಹಿಡಿಯಲಾಗುವುದಿಲ್ಲ. ಮನೆಯಲ್ಲಿ ಈಗಾಗಲೇ ಸೇವಿಸಿದ ಔಷಧಿಗಳ ವಿವರವನ್ನು ವೈದ್ಯರಿಗೆ ತಪ್ಪದೇ ತಿಳಿಸತಕ್ಕದ್ದು.

ಅಪಾಯದ ಲಕ್ಷಣಗಳು: ತೀವ್ರ ಜ್ವರ ಅಥವಾ ಮೈ ತಣ್ಣಗಾಗುವುದು, ಚಳಿ ನಡುಕ, ಏದುಸಿರು, ಗೊಂದಲದ ಮಾತು, ಮೂತ್ರ ಕಡಿಮೆಯಾಗುವುದು, ಶಿಶುಗಳಲ್ಲಿ ಹಾಲು ಕುಡಿಯದಿರುವುದು.

ಸೇವೆ ಪಡೆಯುವ ವಿಧಾನ

ಈ ಲಕ್ಷಣಗಳು ಕಂಡುಬಂದಲ್ಲಿ ಕೂಡಲೇ 108 ಸಂಖ್ಯೆಗೆ ಕರೆ ಮಾಡತಕ್ಕದ್ದು. ಭದ್ರಾವತಿಯ ನಾಗರಿಕರು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯನ್ನು, ಶಿವಮೊಗ್ಗ ನಗರದವರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಆಧಾರ್ ಹಾಗೂ ಪಡಿತರ ಚೀಟಿ ಜೊತೆಯಲ್ಲಿದ್ದರೆ ಅನುಕೂಲ. ಆದರೆ ದಾಖಲೆಗಳಿಗಾಗಿ ರೋಗಿಯನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು.

ಮುಂಜಾಗ್ರತೆ

ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 2017ರಿಂದ ಹಂತಹಂತವಾಗಿ ಸೇರಿ, 2021ರಲ್ಲಿ ದೇಶದಾದ್ಯಂತ ವಿಸ್ತರಿಸಲಾದ ನ್ಯೂಮೊಕಾಕಲ್ ಲಸಿಕೆಯನ್ನು ಮಕ್ಕಳಿಗೆ 6 ವಾರ, 14 ವಾರ ಹಾಗೂ 9 ತಿಂಗಳ ವಯಸ್ಸಿನಲ್ಲಿ ಉಚಿತವಾಗಿ ನೀಡಲಾಗುತ್ತದೆ. ಈ ಲಸಿಕೆಯು ಬ್ಯಾಕ್ಟೀರಿಯಾದ ಹೊರಕವಚದ ವಿರುದ್ಧ ಪ್ರತಿಕಾಯಗಳನ್ನು ಉಂಟುಮಾಡುತ್ತದೆ. ಫಾಸ್ಫೊರಿಲ್‌ಕೋಲಿನ್ ಆಧಾರಿತ ಲಸಿಕೆಗಳು ಇನ್ನೂ ಸಂಶೋಧನೆಯ ಹಂತದಲ್ಲಿವೆ. ಪೋಷಕರು ತಾಯಿ ಕಾರ್ಡಿನೊಂದಿಗೆ ಸಮೀಪದ ಆರೋಗ್ಯ ಕೇಂದ್ರ ಅಥವಾ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಲು ಕೋರಲಾಗಿದೆ.