ಔರಿಯಸ್

ಔರಿಯಸ್ ಪ್ರಾಚೀನ ರೋಮ್‌ನ ಚಿನ್ನದ ನಾಣ್ಯ. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ‘ಚಿನ್ನದ್ದು’ ಎಂದರ್ಥ. ಒಂದು ಔರಿಯಸ್ 25 ಬೆಳ್ಳಿಯ ಡಿನೇರಿಯಸ್‌ಗಳಿಗೆ ಸಮವಾಗಿತ್ತು. ಜೂಲಿಯಸ್ ಸೀಸರನ ಕಾಲದಲ್ಲಿ ಸುಮಾರು 8 ಗ್ರಾಂ ಇದ್ದ ಇದರ ತೂಕವನ್ನು ನೀರೋ ಚಕ್ರವರ್ತಿಯು ಕ್ರಿ.ಶ. 64ರಲ್ಲಿ ಸುಮಾರು 7.3 ಗ್ರಾಂಗೆ ಇಳಿಸಿದನು.

ಚಿತ್ರಗಳು

ನಾಣ್ಯದ ಮುಂಬದಿಯಲ್ಲಿ ಸಾಮಾನ್ಯವಾಗಿ ಚಕ್ರವರ್ತಿಯ ಮುಖವೂ ಹಿಂಬದಿಯಲ್ಲಿ ಆತನ ಆಳ್ವಿಕೆಯನ್ನು ಸಾರುವ ಸಂಕೇತವೂ ಇರುತ್ತಿದ್ದವು. ಈಜಿಪ್ಟ್ ತನ್ನ ವಶವಾದುದನ್ನು ಅಗಸ್ಟಸ್ ಮೊಸಳೆಯ ಚಿತ್ರದಿಂದ ಸೂಚಿಸಿದನು. ಓದುಬಾರದವರಿಗೂ ಇದರ ಅರ್ಥ ತಿಳಿಯುತ್ತಿದ್ದಿರಬೇಕು.

ಇವುಗಳಲ್ಲಿ ಅತಿ ಪ್ರಸಿದ್ಧವಾದುದು ಚಕ್ರವರ್ತಿಗಳಿಗಿಂತ ಹಿಂದಿನದು. ಸೀಸರನ ಹಂತಕರಲ್ಲೊಬ್ಬನಾದ ಬ್ರೂಟಸ್ ಕ್ರಿ.ಪೂ. 42ರ ಸುಮಾರಿಗೆ ಹೊರಡಿಸಿದ ನಾಣ್ಯದಲ್ಲಿ ಎರಡು ಕಠಾರಿಗಳ ನಡುವೆ ಒಂದು ಟೋಪಿಯಿದೆ. ಅದು ಬಿಡುಗಡೆ ಹೊಂದಿದ ಗುಲಾಮರು ಧರಿಸುತ್ತಿದ್ದ ಟೋಪಿ. ಕೆಳಗೆ ಹತ್ಯೆಯ ದಿನವಾದ ಮಾರ್ಚ್ 15ನ್ನು ಸೂಚಿಸುವ ಅಕ್ಷರಗಳಿವೆ. ಬದುಕಿದ್ದಾಗಲೇ ನಾಣ್ಯದ ಮೇಲೆ ತನ್ನ ಮುಖವನ್ನು ಅಚ್ಚುಹಾಕಿಸಿದ ಸೀಸರನನ್ನು ನಿರಂಕುಶನೆಂದು ಕೊಂದ ಬ್ರೂಟಸ್, ಇದರ ಮುಂಬದಿಯಲ್ಲಿ ತನ್ನದೇ ಮುಖವನ್ನು ಇರಿಸಿಕೊಂಡಿರುವುದು ಗಮನಾರ್ಹ.

ಭಾರತದಲ್ಲಿ

ಮೆಣಸು, ಮುತ್ತು ಮೊದಲಾದ ಸರಕುಗಳ ವ್ಯಾಪಾರದಿಂದ ಔರಿಯಸ್‌ಗಳು ದಕ್ಷಿಣ ಭಾರತಕ್ಕೆ ಬಂದವು. 1898ರಲ್ಲಿ ತಮಿಳುನಾಡಿನ ಪುದುಕ್ಕೋಟ್ಟೈ ಪ್ರದೇಶದಲ್ಲಿ ದೊರೆತ 501 ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನವುಗಳ ಮೇಲೆ, ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಕಚ್ಚು ಹಾಕಲಾಗಿದೆ. ಅವು ನಾಣ್ಯವಾಗಿ ಮತ್ತೆ ಚಲಾವಣೆಯಾಗದಂತೆ ಹೀಗೆ ಮಾಡಿರಬಹುದೆಂಬುದು ಒಂದು ಅಭಿಪ್ರಾಯ. ರೋಮ್‌ನಲ್ಲಿ ಅಧಿಕಾರದ ಗುರುತಾಗಿದ್ದ ಮುಖ ಇಲ್ಲಿ ಚಿನ್ನದ ತೂಕವಷ್ಟೇ ಆಗಿತ್ತು.